ಅತ್ತೆಯ ರೈಫಲ್ಲಿಗೊಂದು ಸ್ಕೋಪು

ನಮ್ಮ ಅತ್ತೆ ರೈಫಲ್ ಹೊಡೆಯುತ್ತಾರೆ. ಹೀಗಂದ ಕೂಡಲೇ ಜನ ನನ್ನ ಮುಖ ನೋಡಿ ಹಲ್ಲು ಕಿರಿದು, "ಹಾಗಾದ್ರೆ ಸೊಸೆ ಮನೇಲಿ ಹುಷಾರಾಗಿರ್ಬೇಕು" ಅನ್ನುತ್ತಾರೆ. ಮದುವೆಯಾಗಿ ಹನ್ನೊಂದು ವರ್ಷ ಆಯಿತು, ಈ ಜೋಕು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಹುಷಾರಾಗಿರಬೇಕಾದವರು ಉಳಿದವರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಯಾದ ಮೂರನೇ ವಾರಕ್ಕೇ ಅತ್ತೆ ನನಗೆ ಮೆಣಸಿನಕಾಯಿ ಅಂತ ಹೆಸರಿಟ್ಟರು. ಈಗಲೂ ಪ್ರೀತಿ ಬಂದಾಗ ಹಾಗೇ ಕರೆಯುತ್ತಾರೆ. ಸಿಟ್ಟು ಬಂದಾಗ ಮಾತ್ರ "ಅಮ್ಮಾ ತಾಯಿ" ಅನ್ನುತ್ತಾರೆ, ಆಗ ನಾನು ಅಡುಗೆಮನೆ ಸೇರುವುದು ವಾಸಿ.

ಅತ್ತೆಗೆ ಅರವತ್ತಮೂರು ವರ್ಷ. ಮೂವತ್ತಮೂರು ವರ್ಷ ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿದ್ದರು. ಎಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಗೀಚಿ ಕೊಟ್ಟದ್ದರ ಮೇಲೆ ತೆಳ್ಳನೆಯ ಪಾರದರ್ಶಕ ಕಾಗದ ಹಾಸಿ, ಶಾಯಿಯಲ್ಲಿ ತಿದ್ದಿ ತೆಗೆಯುವ ಕೆಲಸ. ಮೊಳ ಉದ್ದದ ಪೈಪಿನ ಗೆರೆಯನ್ನು ಪೆನ್ನು ಎತ್ತದೆ ಒಂದೇ ಉಸಿರಿಗೆ ಎಳೆಯಬೇಕು. ಶಾಯಿ ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು. ಬೇರೆಯವರಿಗೆ ತಿಂಗಳಿಗೊಂದು ಬ್ಲೇಡ್ ಬೇಕಾಗುತ್ತಿತ್ತಂತೆ, ಅತ್ತೆಯ ಬ್ಲೇಡು ಮೂರು ವರ್ಷ ಬಾಳುತ್ತಿತ್ತಂತೆ. ಇದನ್ನು ಅವರೇ ಹೇಳಿಕೊಂಡದ್ದಲ್ಲ, ಅವರ ನಿವೃತ್ತಿಯ ದಿನ ಕಚೇರಿಯವರು ಮೈಕಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ರೈಫಲ್ ಅವರಿಗೆ ಅಂಟಿಕೊಂಡದ್ದೂ ಆ ಕಚೇರಿಯಲ್ಲೇ. ಪಂಪ್‌ಹೌಸಿನ ಹಿಂದೆ ನೌಕರರ ಸಂಘದ ಒಂದು ಉದ್ದನೆಯ ಶೆಡ್ಡಿದೆ. ಅದರೊಳಗೆ ಇಪ್ಪತ್ತೈದು ಮೀಟರಿನ ಗುರಿ ಹೊಡೆಯುವ ಅಂಕಣ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾರೋ ತಮಾಷೆಗೆ ಅತ್ತೆಯ ಕೈಗೆ ಏರ್ ರೈಫಲ್ ಕೊಟ್ಟರು. ಉಸಿರು ಹಿಡಿಯುವುದು ಗೊತ್ತಿದ್ದ ಕೈ ಅದು. ಹತ್ತು ಗುಂಡಿನಲ್ಲಿ ಎಂಟು ಕಪ್ಪು ವೃತ್ತದೊಳಗೆ ಹೋದವು. ಅವತ್ತಿನಿಂದ ಇಪ್ಪತ್ತೆಂಟು ವರ್ಷ, ಶನಿವಾರ ಬಂತೆಂದರೆ ಅತ್ತೆ ಶೆಡ್ಡಿನಲ್ಲಿ. ನಿವೃತ್ತಿಯಾಗಿ, ಮಾವನೂ ತೀರಿಕೊಂಡ ಮೇಲಂತೂ ವಾರದಲ್ಲಿ ಅವರು ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದುದು ಅದೊಂದೇ ದಿನ.

ಎರಡು ವರ್ಷದಿಂದ ಅಂಕ ಇಳಿಯತೊಡಗಿತು. ಕಾರಣ ನನಗೆ ಕೂಡಲೇ ತಿಳಿಯಿತು, ಯಾಕೆಂದರೆ ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಬರಿಗಣ್ಣಿನಲ್ಲಿ ಗುರಿ ಹಿಡಿಯುವವರು ಮೂರು ಕಡೆ ನೋಡಬೇಕು. ಕಣ್ಣಿನ ಹತ್ತಿರದ ಕಚ್ಚು, ನಳಿಗೆಯ ತುದಿಯ ಕಡ್ಡಿ, ದೂರದ ಕಾಗದ. ವಯಸ್ಸಾದ ಕಣ್ಣು ಮೂರಕ್ಕೂ ಒಟ್ಟಿಗೆ ಒದಗುವುದಿಲ್ಲ. ನಾನು ಎರಡು ಸಲ ಕನ್ನಡಕ ಮಾಡಿಕೊಟ್ಟೆ. ಒಂದರಲ್ಲಿ ಕಡ್ಡಿ ಕಂಡರೆ ಕಾಗದ ಮಬ್ಬು, ಇನ್ನೊಂದರಲ್ಲಿ ಕಾಗದ ಕಂಡರೆ ಕಡ್ಡಿ ಮಾಯ.

ಸಂಘದ ವಾರ್ಷಿಕ ಪಂದ್ಯದಲ್ಲಿ ಅರವತ್ತು ದಾಟಿದವರು ರೈಫಲ್ ಮೇಲೆ ಸ್ಕೋಪ್, ಅಂದರೆ ಗುರಿ ಹಿಡಿಯುವ ಪುಟ್ಟ ದುರ್ಬೀನು, ಹಾಕಿಕೊಳ್ಳಬಹುದು. ಸ್ಕೋಪಿನಲ್ಲಿ ಗುರಿಯೂ, ಗಾಜಿನ ನಡುವೆ ಅಡ್ಡ ಉದ್ದ ಹಾಯುವ ಕೂಡುಗೆರೆಯೂ ಒಂದೇ ದೂರದಲ್ಲಿರುವಂತೆ ಕಾಣುತ್ತವೆ, ಕಣ್ಣಿಗೆ ಒಂದೇ ಕೆಲಸ. ಅತ್ತೆ ಎರಡು ವರ್ಷ ಅದನ್ನು ಮೂಸಿಯೂ ನೋಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಪೇಪರ್ ಮಡಚಿಡುತ್ತಾ ಹೇಳಿದರು: "ಒಂದೂವರೆ ತಿಂಗಳ ಪಿಂಚಣಿ ಹಾಕ್ತೀನಿ, ಅದಕ್ಕಿಂತ ಹೆಚ್ಚು ಹಾಕಲ್ಲ. ಅಷ್ಟರಲ್ಲಿ ಒಳ್ಳೇದು ಸಿಕ್ಕಿದ್ರೆ ಪಂದ್ಯಕ್ಕೆ ನಿಲ್ತೀನಿ. ಇಲ್ಲಾಂದ್ರೆ ಬಂದೂಕು ಯಾರಿಗಾದ್ರೂ ಕೊಟ್ಟು ಸುಮ್ಮನಾಗ್ತೀನಿ."

ನಮ್ಮ ಮನೆಯ ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ ಇದೆ. ಮಾವ ಹೋದ ಹೊಸದರಲ್ಲಿ ಅತ್ತೆ ನಾಲ್ಕು ತಿಂಗಳು ಅದರಲ್ಲೇ ಕೂತಿದ್ದರು, ಮಾತಿಲ್ಲ ಕತೆಯಿಲ್ಲ. ಅವರನ್ನು ಅಲ್ಲಿಂದ ಎಬ್ಬಿಸಿದ್ದು ನಾನಲ್ಲ, ಅವರ ಮಗನಲ್ಲ, ಆ ಶನಿವಾರದ ಶೆಡ್ಡು. ಅದೂ ಹೋದರೆ ಅತ್ತೆ ಮತ್ತೆ ಆ ಕುರ್ಚಿಗೆ ಹೋಗುತ್ತಾರೆ, ಈ ಸಲ ಏಳುವುದಿಲ್ಲ ಅಂತ ನನಗೆ ಭಯ.

"ಗಾಜಿನ ವಿಷಯ ತಾನೆ ಅತ್ತೆ, ನನಗೆ ಬಿಡಿ" ಅಂದೆ. ಆ ಜಂಬವೇ ಮುಂದೆ ನನ್ನನ್ನು ತಿಂದಿತು.

ನಮ್ಮೂರಿನಲ್ಲಿ ಹಳೆಯ ದುರ್ಬೀನು, ಸೂಕ್ಷ್ಮದರ್ಶಕ, ಭೂಮಿ ಅಳೆಯುವವರ ದೂರದರ್ಶಕ ಇಂಥವನ್ನು ರಿಪೇರಿ ಮಾಡಿ ಮಾರುವ ಒಂದು ಅಂಗಡಿ ಇದೆ. ಮೆಟ್ಟಿಲ ಕೆಳಗಿನ ಜಾಗ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿ ಹಿಡಿಯಬೇಕು. ಅಂಗಡಿಯವರನ್ನು ಎಲ್ಲರೂ ದುರ್ಬೀನು ಮಾಸ್ತರು ಅನ್ನುತ್ತಾರೆ. ಶಾಲೆಯಲ್ಲಿ ಕಲಿಸಿದವರಲ್ಲ. ಬಂದವರಿಗೆ ಪಾಠ ಹೇಳದೆ ಏನನ್ನೂ ಮಾರುವುದಿಲ್ಲ, ಅದಕ್ಕೆ ಆ ಹೆಸರು.

ಎಷ್ಟು ಬೆಲೆಯದು ಬೇಕು ಅಂತ ಅವರು ಕೇಳಲೇ ಇಲ್ಲ. "ಯಾವ ಬಂದೂಕು? ಎಷ್ಟು ದೂರ? ಹೊಡೆಯೋರು ಯಾರು?" ಅಂದರು. ಅತ್ತೆ ಹೇಳಿದರು: ನಳಿಗೆ ಮಡಚಿ ಗುಂಡು ತುಂಬುವ ಸ್ಪ್ರಿಂಗ್ ರೈಫಲ್, ಇಪ್ಪತ್ತೈದು ಮೀಟರ್, ನಾನೇ. ಮಾಸ್ತರು ತಲೆಯಾಡಿಸಿ, "ಹಾಗಾದ್ರೆ ಒಂದು ಮಾತು ತಿಳ್ಕೊಳ್ಳಿ. ದೊಡ್ಡ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತೆ. ನಿಮ್ಮ ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತೆ, ತಕ್ಷಣ ಮುಂದಕ್ಕೂ ಒದೆಯುತ್ತೆ. ಈ ಎರಡು ಒದೆ ತಿನ್ನೋಕೆ ಅಂತ ಮಾಡಿದ ಸ್ಕೋಪೇ ಬೇಕು. ಇಲ್ಲದಿದ್ರೆ ಎಷ್ಟು ದುಬಾರಿ ಮಾಲಾದ್ರೂ ತಿಂಗಳೊಳಗೆ ಒಳಗಿನ ಗಾಜು ಲೊಟಲೊಟ" ಅಂದರು.

ಮೂರು ಸ್ಕೋಪುಗಳನ್ನು ಬಟ್ಟೆಯ ಮೇಲೆ ಇಟ್ಟರು. ಮೊದಲನೆಯದು ಹೊಸದು, ಥಳಥಳ ಹೊಳೆಯುವಂಥದ್ದು, ಬಹಳ ಅಗ್ಗ. ಮಾಸ್ತರು ಅದನ್ನು ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕಚ್ಚಿಸಿದರು. ಎದುರು ಗೋಡೆಯಲ್ಲಿ ಚೌಕುಳಿ ಹಾಳೆಯೊಂದನ್ನು ಅಂಟಿಸಿದ್ದರು. ಕೂಡುಗೆರೆ ಸರಿಸಲು ಸ್ಕೋಪಿನ ಮೇಲೊಂದು ಬದಿಗೊಂದು ಇರುವ ಗುಬುಟುಗಳನ್ನು ಇಪ್ಪತ್ತು ಕ್ಲಿಕ್ ಮೇಲಕ್ಕೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಕ್ಕೆ, ಇಪ್ಪತ್ತು ಎಡಕ್ಕೆ ತಿರುಗಿಸಿದರು. "ಈಗ ಹೊರಟ ಜಾಗಕ್ಕೇ ವಾಪಸ್ ಬರ್ಬೇಕು. ನೋಡಿ." ಅತ್ತೆ ನೋಡಿದರು. ಕೂಡುಗೆರೆ ಎರಡು ಚೌಕ ಆಚೆ ನಿಂತಿತ್ತು. "ಬೆಳ್ಳಗಿರೋದೆಲ್ಲ ಹಾಲಲ್ಲ" ಅಂತ ಅತ್ತೆ ನಕ್ಕರು.

ಉಳಿದ ಎರಡೂ ಹಳೆಯವು, ಎರಡೂ ಸ್ಪ್ರಿಂಗ್ ರೈಫಲ್ಲಿಗೆ ಅಂತಲೇ ಮಾಡಿದವು, ಎರಡೂ ಸರಿಯಾಗಿ ಹೊರಟ ಜಾಗಕ್ಕೆ ಮರಳಿದವು. ಒಂದು ಉದ್ದನೆಯದು, ತೂಕದ್ದು, ನಾಲ್ಕು ಪಟ್ಟಿನಿಂದ ಹದಿನಾರು ಪಟ್ಟಿನವರೆಗೆ ದೊಡ್ಡದು ಮಾಡಿ ತೋರಿಸುವಂಥದ್ದು. ಬೆಲೆ ಸರಿಯಾಗಿ ಅತ್ತೆಯ ಒಂದೂವರೆ ಪಿಂಚಣಿ. ಇನ್ನೊಂದು ಗೇಣುದ್ದದ್ದು, ಬಣ್ಣ ಮಾಸಿದ್ದು, ನಾಲ್ಕೇ ಪಟ್ಟು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಬೆಲೆ ಅದರ ಅರ್ಧ.

"ಅಮ್ಮನಿಗೆ ನಾಲ್ಕೇ ಸಾಕಾಗಬಹುದು" ಅಂದರು ಮಾಸ್ತರು.

ನಾನು ಸುಮ್ಮನಿರುತ್ತೇನೆಯೇ? "ಅಲ್ಲ ಮಾಸ್ತರೇ, ನಾವು ಬಂದಿರೋದೇ ಕಣ್ಣು ಕಾಣಲ್ಲ ಅಂತ. ಹದಿನಾರು ಸಿಗ್ತಿರೋವಾಗ ನಾಲ್ಕು ಯಾಕೆ? ಬೇಕಾದ್ರೆ ಅದನ್ನೇ ನಾಲ್ಕಕ್ಕೆ ಇಳಿಸ್ಕೋಬಹುದಲ್ಲ."

"ಇಳಿಸಬಹುದು. ಆದ್ರೆ ಹದಿನಾರು ಇದೆ ಅಂತ ಗೊತ್ತಿದ್ರೆ ಯಾರೂ ಇಳಿಸಲ್ಲ. ಮೇಲಾಗಿ ಭಾರ. ಜನ ಸಂಖ್ಯೆ ಕೊಂಡ್ಕೋತಾರೆ, ಗಾಜು ಕೊಂಡ್ಕೊಳ್ಳಲ್ಲ."

"ಗಾಜಿನ ಬಗ್ಗೆ ನನಗೆ ಹೇಳ್ಬೇಡಿ, ನಾನು ಅದರಲ್ಲೇ ಅನ್ನ ತಿನ್ನೋಳು" ಅಂದುಬಿಟ್ಟೆ. ಮಾಸ್ತರು ಮುಗುಳ್ನಕ್ಕು, ಒಂದು ವಾರ ಇಟ್ಟುಕೊಂಡು ನೋಡಿ, ಒಗ್ಗದಿದ್ದರೆ ವಾಪಸ್ ಕೊಡಿ ಅಂತ ಉದ್ದನೆಯದನ್ನೇ ಕಾಗದದಲ್ಲಿ ಸುತ್ತಿ ಕೊಟ್ಟರು.

ಆ ಶನಿವಾರ ನಾನೂ ಶೆಡ್ಡಿಗೆ ಹೋದೆ. ಸದಸ್ಯರಲ್ಲದವರು ಬಂದೂಕು ಮುಟ್ಟುವ ಹಾಗಿಲ್ಲ, ಹಗ್ಗದ ಈಚೆ ಬೆಂಚಿನ ಮೇಲೆ ಕೂರಬೇಕು. ಅತ್ತೆ ಸ್ಕೋಪ್ ಕೂರಿಸಿ, ತಿರುಪು ಬಿಗಿದು, ಹದಿನಾರಕ್ಕೆ ತಿರುಗಿಸಿ, ಎಂದಿನಂತೆ ನಿಂತು ಕೆನ್ನೆ ಆನಿಸಿದರು. ಅವರು ನಿಲ್ಲುವುದು ನೋಡಲು ಚೆಂದ. ಎಡ ಮೊಣಕೈಯನ್ನು ಸೊಂಟಕ್ಕೆ ಊರಿ, ಕುತ್ತಿಗೆ ಚೂರೂ ಬಗ್ಗಿಸದೆ, ಬಸ್ಸಿಗೆ ಕಾಯುವವರಷ್ಟು ಸಲೀಸಾಗಿ ನಿಲ್ಲುತ್ತಾರೆ. ಅವತ್ತು ಗುರಿ ಹಿಡಿದರು, ಇಳಿಸಿದರು. ಮತ್ತೆ ಹಿಡಿದರು, ಇಳಿಸಿದರು. ಆರೇಳು ಸಲ ಹಾಗೇ ಆಯಿತು. ಒಂದು ಗುಂಡೂ ಹಾರಲಿಲ್ಲ.

ಹೊರಗೆ ಬಂದಾಗ ಮುಖ ಸುಣ್ಣ ಬಳಿದ ಹಾಗಿತ್ತು. "ಇದರ ಗಾಜು ಸರಿಯಿಲ್ಲ. ಒಳಗೆ ಏನೋ ಸಡಿಲ ಇದೆ, ಎಲ್ಲಾ ಅಲುಗಾಡ್ತದೆ" ಅಂದರು.

ಅಷ್ಟು ಸಾಕಾಯಿತು. ವಯಸ್ಸಾದ ಹೆಂಗಸು ಅಂತ ಹಾಳು ಮಾಲು ಕಟ್ಟಿದ್ದಾನೆ ಅಂತ ನನ್ನ ರಕ್ತ ಕುದಿಯಿತು. ಸ್ಕೋಪ್ ಬಿಚ್ಚಿಸಿಕೊಂಡು ಸೀದಾ ಅಂಗಡಿಯ ದಾರಿ ಹಿಡಿದೆ. ಅತ್ತೆ ಹಿಂದೆ ಹಿಂದೆಯೇ ಬರುತ್ತಾ, "ಬಿಡು, ಸುಮ್ನೆ ವಾಪಸ್ ಕೊಟ್ಟು ಬರೋಣ" ಅಂತ ಒಂದೆರಡು ಸಲ ಮೆಲ್ಲಗೆ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಇನ್ನೂ ಒಳ್ಳೆಯದೇ ಆಯಿತು ಅಂದುಕೊಂಡೆ. ಮೋಸ, ನಾಚಿಕೆ, ಮರ್ಯಾದೆ, ಬಾಯಿಗೆ ಬಂದದ್ದೆಲ್ಲ ಅಂದೆ. "ನಮ್ಮತ್ತೆ ಕೈ ಎಂಥ ಕೈ ಗೊತ್ತಾ ನಿಮಗೆ? ಮೂವತ್ತಮೂರು ವರ್ಷ ಗೆರೆ ಎಳೆದ ಕೈ ಅದು. ಅವರು ಅಲುಗಾಡ್ತದೆ ಅಂದ್ರೆ ಅಲುಗಾಡ್ತದೆ, ಅಷ್ಟೇ."

ಮಾಸ್ತರು ಸ್ಕೋಪನ್ನು ವೈಸಿಗೆ ಕಚ್ಚಿಸಿ, ಹದಿನಾರಕ್ಕೆ ತಿರುಗಿಸಿ, ಬಾಗಿಲಾಚೆ ರಸ್ತೆಯ ಆ ಬದಿಯ ಔಷಧಿ ಅಂಗಡಿಯ ಬೋರ್ಡಿನ ಕಡೆ ಇಟ್ಟು, "ನೋಡಿ ಅಮ್ಮ" ಅಂದರು. ನಾನು ಕಣ್ಣಿಟ್ಟೆ. ಬೋರ್ಡಿನ ಮೂಲೆಯ ಒಂದು ತುಕ್ಕು ಹಿಡಿದ ತಿರುಪು, ಅದರ ತಲೆಯ ಸೀಳು ಕೂಡ ಕಂಡಿತು. ಚೂರೂ ಅಲುಗಾಡಲಿಲ್ಲ. "ತಟ್ಟಿ ನೋಡಿ" ಅಂದರು. ತಟ್ಟಿದೆ. ಒಂದು ಸಲ ಅದುರಿ ಮತ್ತೆ ಅಲ್ಲೇ ಬಂದು ನಿಂತಿತು.

"ಅಲುಗಾಡಿದ್ದು ಗಾಜಲ್ಲ" ಅಂತ ಶುರು ಮಾಡಿದ ಮಾಸ್ತರು, ಅತ್ತೆಯ ಕಡೆ ನೋಡಿ ತಟ್ಟನೆ ಬಾಯಿ ಮುಚ್ಚಿಕೊಂಡರು. ನಾನೂ ತಿರುಗಿ ನೋಡಿದೆ. ಅತ್ತೆ ಬಾಗಿಲ ಹತ್ತಿರ ನಿಂತು ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆ ಇಬ್ಬರು ಗಿರಾಕಿಗಳೂ ಅದನ್ನೇ ನೋಡುತ್ತಿದ್ದರು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಸ್ಕೋಪನ್ನು ಅಲ್ಲೇ ಬಿಟ್ಟು ಹೊರಟೆವು. ಮನೆಗೆ ಬಂದವರೇ ಅತ್ತೆ ರೈಫಲ್ಲಿಗೆ ಚೀಲ ಹಾಕಿ, ಬೀರುವಿನ ಮೇಲೆ ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳಿದರು. ಬೈಯಲಿಲ್ಲ. ಅಮ್ಮಾ ತಾಯಿ ಅನ್ನಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಶನಿವಾರ ಅವರು ಹೊರಡಲಿಲ್ಲ. ಅದರ ಮುಂದಿನದೂ ಇಲ್ಲ. ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು, ಒಂದೇ ಪುಟ ಒಂದು ಗಂಟೆ. ಈಗ ನನಗೆ ಎಲ್ಲಾ ಕಾಣತೊಡಗಿತು. ಟೀ ಲೋಟವನ್ನು ಅರ್ಧವೇ ತುಂಬಿಸಿಕೊಳ್ಳುತ್ತಿದ್ದರು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದರು, ಕಣ್ಣಿನ ನೆಪ ಹೇಳುತ್ತಿದ್ದರು. ಬ್ಯಾಂಕಿನ ಚೀಟಿಯಲ್ಲಿ ಸಹಿಯನ್ನು ಮೇಜಿಗೆ ಮಣಿಕಟ್ಟು ಒತ್ತಿ ಹಾಕುತ್ತಿದ್ದರು. ದಿನಾ ಬೇರೆಯವರ ಕಣ್ಣು ಸರಿಮಾಡುವ ನಾನು ಒಂದೇ ಮನೆಯಲ್ಲಿದ್ದುಕೊಂಡು ಇಷ್ಟನ್ನೂ ನೋಡಿರಲಿಲ್ಲ.

ತಪ್ಪಾಯಿತು ಅಂತ ಹೇಳಬೇಕು. ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಹೇಳಿದರೆ ಕೈ ನಡುಗುವ ವಿಷಯ ಎತ್ತಿದ ಹಾಗಾಗುತ್ತದಲ್ಲ ಅಂತ ಮತ್ತೆ ನುಂಗುತ್ತಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ನಮ್ಮಮ್ಮ ಚಿಕ್ಕಂದಿನಿಂದ ಹೇಳಿದ್ದರು. ನಾನು ಕೊಯ್ದದ್ದು ಬೇರೆಯವರ ಮೂಗು. ನಮ್ಮವರು ನನ್ನ ಪಾಡು ನೋಡಿ, "ಮೆಣಸಿನಕಾಯಿ ಅಂತ ಹೆಸರಿಟ್ಕೊಂಡು ಈಗ ಸೌತೆಕಾಯಿ ಥರ ಓಡಾಡ್ತಿದ್ದೀಯ. ಏನಾದ್ರೂ ಮಾಡು" ಅಂದರು. ತಾವೇನೂ ಮಾಡಲಿಲ್ಲ. ಗಂಡಸರ ಹಣೆಬರಹವೇ ಅಷ್ಟು.

ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅತ್ತೆ ಎದುರು ಮಾತಾಡದೆ ಬಂದರು. ಡಾಕ್ಟರು ಕೈ ಚಾಚಿಸಿ, ಬೆರಳಿಂದ ಮೂಗು ಮುಟ್ಟಿಸಿ, ಕಾಗದದ ಮೇಲೆ ಸುರುಳಿ ಬರೆಸಿದರು. ಆ ಸುರುಳಿ ಬರೆಯುವಾಗ ಅತ್ತೆಯ ಮುಖ ನೋಡಲು ನನ್ನಿಂದ ಆಗಲಿಲ್ಲ. ನೀವು ಹೆದರುತ್ತಿರುವ ದೊಡ್ಡ ಕಾಯಿಲೆ ಅಲ್ಲ, ಎಷ್ಟೋ ಮನೆತನಗಳಲ್ಲಿ ಬರುವ ನಡುಕ, ಮೆಲ್ಲಗೆ ಹೆಚ್ಚಬಹುದು, ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದರು. ನನಗೆ ಹೋದ ಜೀವ ಬಂತು. ಅತ್ತೆ ಮಾತ್ರ, "ಸರಿ, ಆಯ್ತಲ್ಲ" ಅಂತ ಚಪ್ಪಲಿ ಹಾಕಿಕೊಂಡರು.

ಆಮೇಲೆ ಒಬ್ಬಳೇ ಮಾಸ್ತರ ಅಂಗಡಿಗೆ ಹೋದೆ. ಅವರಿಗೂ ಕ್ಷಮೆ ಕೇಳುವುದಿತ್ತಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ಹಳೆಯ ಮರದ ಹಿಡಿ ತೆಗೆದರು. ನಳಿಗೆಯಿಲ್ಲ, ಟ್ರಿಗರ್ ಇಲ್ಲ, ಬರೀ ಹೆಗಲಿಗೆ ಆನಿಸುವ ಮರ. ಗಿರಾಕಿಗಳು ಸ್ಕೋಪ್ ಹಿಡಿದು ನೋಡಲಿ ಅಂತ ಇಟ್ಟುಕೊಂಡದ್ದು. ಅದರ ಮೇಲೆ ಅದೇ ಹದಿನಾರು ಪಟ್ಟಿನ ಸ್ಕೋಪ್ ಕೂರಿಸಿ, "ಆ ಬೋರ್ಡಿನ ತಿರುಪು ನೋಡಿ. ಈ ಸಲ ಕೈಯಲ್ಲಿ ಹಿಡ್ಕೊಂಡು" ಅಂದರು.

ನನಗೆ ಮೂವತ್ತಾರು ವರ್ಷ. ಕೂದಲೆಳೆಯಷ್ಟು ಸಣ್ಣ ತಿರುಪು ಹಾಕುವ ಕೈ ನನ್ನದು. ನೋಡಿದರೆ ಆ ತಿರುಪು ಬೋರ್ಡಿನ ತುಂಬಾ ಕುಣಿದಾಡುತ್ತಿದೆ. ಉಸಿರು ಹಿಡಿದೆ. ಆಗ ತಾಳ ಹಾಕಿದಂತೆ ಒಂದೇ ಲೆಕ್ಕದಲ್ಲಿ ಟಕ್ ಟಕ್ ಅಂತ ಜಿಗಿಯತೊಡಗಿತು.

"ಈಗ ಕಾಣ್ತಿರೋದು ನಿಮ್ಮ ಎದೆಬಡಿತ" ಅಂದರು ಮಾಸ್ತರು. "ಹದಿನಾರು ಪಟ್ಟಿನಲ್ಲಿ ಗುರಿ ಹೇಗೆ ದೊಡ್ಡದಾಗುತ್ತೋ ನಡುಕಾನೂ ಹಾಗೇ ದೊಡ್ಡದಾಗುತ್ತೆ. ಎಲ್ರಿಗೂ. ಅದನ್ನ ಕಂಡವರು ಹೆದರ್ತಾರೆ. ಗೆರೆ ಮಧ್ಯಕ್ಕೆ ಬಂದ ಗಳಿಗೇಲಿ ಹಿಡೀಬೇಕು ಅಂತ ಟ್ರಿಗರ್ ಕೀಳ್ತಾರೆ. ಅಲ್ಲಿಗೆ ಗುರಿ ಕೆಡ್ತು." ಸ್ಕೋಪ್ ಬಿಚ್ಚಿ ಆ ಮಾಸಿದ ಬಣ್ಣದ ಚಿಕ್ಕದನ್ನು ಹಾಕಿಕೊಟ್ಟರು. ತಿರುಪು ಸಾಸಿವೆಯಷ್ಟಾಯಿತು, ಆದರೆ ಬೋರ್ಡು ಬೋರ್ಡಿನ ಜಾಗದಲ್ಲೇ ನಿಂತಿತು. ಅಂಚಿನವರೆಗೂ ಗಾಜು ತಿಳಿನೀರು. ಕಣ್ಣು ಅತ್ತಿತ್ತ ಸರಿಸಿದರೂ ಕೂಡುಗೆರೆ ಗುರಿ ಬಿಟ್ಟು ಕದಲಲಿಲ್ಲ.

"ನಿಮ್ಮತ್ತೆ ಕೈ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ನಡುಗುತ್ತೆ, ಸುಳ್ಳು ಹೇಳಲ್ಲ" ಅಂದರು. "ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಕೂತು ಹೊಡೆಯೋ ಪಂದ್ಯ ಇದೆಯಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಅವತ್ತೇ ಹೇಳಬೇಕಿತ್ತು. ಅಮ್ಮನ ಎದುರಿಗೆ ಹೇಗೆ ಹೇಳೋದು ಅಂತ ಸುಮ್ಮನಾದೆ."

ಆ ಮನುಷ್ಯ ನಾವು ಹೋದ ಮೊದಲ ದಿನವೇ, ಅತ್ತೆ ಸ್ಕೋಪ್ ಎತ್ತಿಕೊಂಡ ಗಳಿಗೆಯಲ್ಲೇ, ಅವರ ಕೈ ಗಮನಿಸಿದ್ದರು. ಅದಕ್ಕೇ ನಾಲ್ಕು ಸಾಕು ಅಂದದ್ದು. ನಾನು ಅವರಿಗೆ ಮೋಸಗಾರ ಅಂದಿದ್ದೆ.

ಕೂತು ಹೊಡೆಯುವ ಪಂದ್ಯ ಅಂದರೆ ಅತ್ತೆಗೆ ಮೊದಲಿಂದ ತಾತ್ಸಾರ. "ಕೂತು ಹೊಡೆಯೋಕೆ ಬಂದೂಕು ಯಾಕೆ, ಕಚೇರಿ ರಬ್ಬರ್ ಸ್ಟಾಂಪ್ ಸಾಕು" ಅನ್ನುತ್ತಿದ್ದರು. ಅದನ್ನು ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಕೊನೆಗೆ ಏನೂ ಹೇಳಲಿಲ್ಲ. ಮಾಸ್ತರ ಮರದ ಹಿಡಿಯನ್ನೂ ಎರಡು ಸ್ಕೋಪುಗಳನ್ನೂ ಎರವಲು ತಂದಿದ್ದೆ. ಭಾನುವಾರ ಬೆಳಿಗ್ಗೆ ಹದಿನಾರು ಪಟ್ಟಿನದನ್ನು ಹಾಕಿ, ಅತ್ತೆ ಕೂತಿದ್ದ ಕಿಟಕಿಯ ಹತ್ತಿರವೇ ನಮ್ಮವರನ್ನು ನಿಲ್ಲಿಸಿ, "ಆ ಮಹಡಿ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳ ನೋಡ್ರಿ" ಅಂದೆ.

"ಇದೇನು, ಟ್ಯಾಂಕ್ ಕುಣೀತಿದೆಯಲ್ಲ" ಅಂದರು ನಮ್ಮವರು. "ನಿಲ್ತಾನೇ ಇಲ್ಲ. ಏ, ಇದು ಕೆಟ್ಟಿದೆ."

"ಕೆಟ್ಟಿಲ್ಲ. ಕುಣೀತಿರೋದು ನೀವು."

"ನಾನ್ಯಾಕೆ ಕುಣೀಲಿ, ನಾನು ಗಟ್ಟಿಮುಟ್ಟಾಗಿದ್ದೀನಿ" ಅಂತ ಅವರು ಕಾಲು ಅಗಲಿಸಿ, ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು ನಿಂತರು. ಮುಖ ಕೆಂಪಗಾಯಿತು. "ಈಗ ಇನ್ನೂ ಜಾಸ್ತಿ ಆಯ್ತು" ಅಂದರು.

ಕುರ್ಚಿಯಿಂದ ಒಂದು ಸದ್ದು ಬಂತು. ಅತ್ತೆ ನಗುತ್ತಿದ್ದರು. ಪೇಪರ್ ಬದಿಗಿಟ್ಟು ಎದ್ದು ಬಂದು, ಮಗನ ಕೈಯಿಂದ ಹಿಡಿ ತೆಗೆದುಕೊಂಡು, ತಾವೂ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ನೀನು ನೋಡಿದ್ಯಾ? ನಿನಗೂ ಹೀಗೇನಾ?" ಅಂದರು.

"ನನಗೂ ಹೀಗೇ ಅತ್ತೆ. ನಿಮಗೆ ಚೂರು ಹೆಚ್ಚು, ಅಷ್ಟೇ."

ಆ ಮಾತು ಹೇಗೋ ಹೊರಗೆ ಬಂದುಬಿಟ್ಟಿತು. ನಮ್ಮವರು ಮೆಲ್ಲಗೆ ಅಡುಗೆಮನೆಗೆ ಜಾರಿದರು. ಅತ್ತೆ ಕಿಟಕಿಯ ಕಂಬಿ ಹಿಡಿದು ನಿಂತರು.

"ಎರಡು ವರ್ಷದಿಂದ ನನಗೆ ಗೊತ್ತು" ಅಂದರು. "ಕಣ್ಣು ಕಣ್ಣು ಅಂತ ಕಣ್ಣಿನ ಮೇಲೆ ಹಾಕ್ತಿದ್ದೆ. ಕಣ್ಣೂ ಮಂಜಾಗಿತ್ತು, ಸುಳ್ಳಲ್ಲ. ಆದ್ರೆ ಕೈ ಎಷ್ಟು ನಡುಗ್ತದೆ ಅಂತ ಅವತ್ತು ಆ ಹದಿನಾರರಲ್ಲಿ ಕಂಡಾಗ ಜೀವ ಬಾಯಿಗೆ ಬಂತು. ಗಾಜಿನ ಮೇಲೆ ಹೇಳಿಬಿಟ್ಟೆ. ಕುಣೀಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನನ್ನ ಕತೆ."

ನಾನು ಚಿಕ್ಕ ಸ್ಕೋಪ್ ಹಾಕಿ ಕೊಟ್ಟೆ. ಅತ್ತೆ ಅದನ್ನು ಅಂಗೈಯಲ್ಲಿ ತೂಗಿ ನೋಡಿದರು, ಹಗುರ ಅಂದರು. ಟ್ಯಾಂಕಿನ ಕಡೆ ನೋಡಿದರು. ಮುಚ್ಚಳ ಅದರ ಪಾಡಿಗೆ ಅದು ಕೂತಿದ್ದಿರಬೇಕು, ಅವರು ಹೆಗಲು ಸಡಿಲಬಿಟ್ಟದ್ದು ನನಗೆ ಕಂಡಿತು.

"ಇಷ್ಟು ಕಂಡ್ರೆ ಸಾಕು" ಅಂದರು. "ಬೆಲೆ ಎಷ್ಟಂದ?" ಹೇಳಿದೆ. "ಮಿಕ್ಕಿದ ದುಡ್ಡಲ್ಲಿ ಆ ಮನುಷ್ಯನ ಅಂಗಡಿಗೆ ಒಂದು ಸ್ಟೂಲ್ ಕೊಡಿಸ್ಬೇಕು. ಬಂದವರು ಕೂತ್ಕೊಂಡು ಪಾಠ ಕೇಳ್ಲಿ."

ಪಂದ್ಯದ ದಿನ ಶೆಡ್ಡಿನ ಮುಂದೆ ಒಂದು ಮಡಚುವ ಮೇಜು ಹಾಕಿಕೊಂಡು ಸಂಘದ ಕಾರ್ಯದರ್ಶಿ ಹೆಸರು ಬರೆದುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದ ಪರಿಚಯ. ಅತ್ತೆಯನ್ನು ನೋಡಿದ್ದೇ ತಡ, ಕೇಳದೆಯೇ "ನಿಂತು ಹೊಡೆಯೋದು" ಅನ್ನುವ ಕಡೆ ಬರೆಯತೊಡಗಿದರು. ಸುತ್ತ ಹತ್ತು ಹನ್ನೆರಡು ಜನ ಹಳೆಯ ಸಹೋದ್ಯೋಗಿಗಳು. ಕೈ ನಡುಗುವುದನ್ನೂ ಕೂತು ಹೊಡೆಯುವುದನ್ನೂ ಮನೆಯಲ್ಲಿ ಒಪ್ಪಿಕೊಂಡದ್ದು ಬೇರೆ, ಇಲ್ಲಿ ಇವರೆಲ್ಲರ ಮುಂದೆ ಬೇರೆ. ಅತ್ತೆ ಹಿಂದೆ ಸರಿದು ಮನೆಗೆ ಹೋಗೋಣ ಅಂದರೆ ಏನು ಮಾಡುವುದು ಅಂತ ನಾನು ಅವರ ಪಕ್ಕಕ್ಕೆ ಸರಿದು ನಿಂತೆ.

"ಅದನ್ನ ಹೊಡೆದುಹಾಕಿ" ಅಂದರು ಅತ್ತೆ. "ಕೂತು ಹೊಡೆಯೋದರಲ್ಲಿ ಬರ್ಕೊಳ್ಳಿ."

ಕಾರ್ಯದರ್ಶಿ ನಕ್ಕರು. "ಏನಮ್ಮ, ನೀವು ಸ್ಟಾಂಪ್ ಒತ್ತೋರ ಜೊತೆ ಸೇರ್ಕೊಂಡ್ರಾ?"

"ಹೌದಪ್ಪ. ನನ್ನ ಕೈ ನಡುಗುತ್ತೆ" ಅಂದರು ಅತ್ತೆ. ಎಲ್ಲರಿಗೂ ಕೇಳುವ ಹಾಗೆ, ಪಿಂಚಣಿ ಕಚೇರಿಯಲ್ಲಿ ತಮ್ಮ ಹೆಸರು ಹೇಳುವ ದನಿಯಲ್ಲಿ ಅಂದರು. ಹಿಂದೆ ನಿಂತಿದ್ದ ಒಬ್ಬ ದಪ್ಪನೆಯ ಹಿರಿಯರು, ಹಿಂದಿನ ವರ್ಷದವರೆಗೂ ನಿಂತು ಹೊಡೆಯುವುದರಲ್ಲಿ ಅತ್ತೆಗೆ ಸರಿಸಾಟಿಯಾಗಿದ್ದವರು, ಮುಂದೆ ಬಂದು, "ನಂದೂ ಅದರಲ್ಲೇ ಬರ್ಕೊಳ್ಳಿ. ಮಂಡಿ ನಿಲ್ಲಿಸ್ಕೊಡಲ್ಲ" ಅಂದರು.

ಅತ್ತೆ ಮೇಜಿನ ಮುಂದೆ ಕೂತರು. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ನಳಿಗೆ ಮಡಚಿ ಗುಂಡು ಹಾಕಿದರು. ಗುಂಡು ಹಾಕುವಾಗ ಬೆರಳು ಅದುರಿ ಒಂದು ಸೀಸದ ಗುಂಡು ಕೆಳಗೆ ಬಿತ್ತು. ಬಗ್ಗಿ ಹುಡುಕಲಿಲ್ಲ, ಇನ್ನೊಂದು ತೆಗೆದುಕೊಂಡರು. ಕೆನ್ನೆ ಆನಿಸಿದರು. ನಾನು ಬೆಂಚಿನ ಮೇಲೆ ಕೂತು, ಅವರು ಉಸಿರು ಹಿಡಿದಾಗ ನಾನೂ ಹಿಡಿದೆ, ಅವರು ಬಿಟ್ಟಾಗ ಬಿಟ್ಟೆ. ಹತ್ತು ಗುಂಡು. ಏಳು ಜನರಲ್ಲಿ ಅತ್ತೆ ನಾಲ್ಕನೆಯವರು. ಹತ್ತರಲ್ಲಿ ಏಳು ಕಪ್ಪಿನೊಳಗೆ, ಒಂದು ನಟ್ಟನಡುವೆ. ಆ ದಪ್ಪನೆಯ ಹಿರಿಯರು ಐದನೆಯವರು. ಅದು ಅತ್ತೆಗೆ ಬಹುಮಾನಕ್ಕಿಂತ ಹೆಚ್ಚಾಯಿತು.

ಎಲ್ಲ ಮುಗಿದ ಮೇಲೆ ಶೆಡ್ಡಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಅತ್ತೆ ಮೆತ್ತನೆಯ ಬಟ್ಟೆಯಿಂದ ಸ್ಕೋಪಿನ ಗಾಜು ಒರೆಸುತ್ತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಅಂಗಡೀಲಿ ನಾನು ಹಾಗೆ ಕೂಗಾಡಬಾರದಿತ್ತು. ನಾಲ್ಕು ಜನರ ಮುಂದೆ ನಿಮ್ಮ ಮರ್ಯಾದೆ ಕಳೆದೆ. ತಪ್ಪಾಯ್ತು ಅತ್ತೆ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ಮೂವತ್ತಮೂರು ವರ್ಷ ಆ ಕಚೇರೀಲಿದ್ದೆ" ಅಂದರು. "ಎಂಜಿನಿಯರ್ ತಪ್ಪು ಅಳತೆ ಕೊಟ್ಟಿದ್ರೂ ಬೈಗುಳ ತಿಂದಿದ್ದು ನಾನೇ. ನಾನು ನಿಜ ಹೇಳ್ದಾಗ್ಲೂ ಒಬ್ರು ಅಂದ್ರೆ ಒಬ್ರು, ಅವಳು ಹೇಳೋದು ಸರಿ ಅಂತ ನನ್ನ ಪಕ್ಕ ನಿಂತ್ಕೊಂಡಿದ್ದಿಲ್ಲ. ನಿಮ್ಮ ಮಾವ ದೇವರಂಥವರು, ಆದ್ರೆ ಅವರಿಗೆ ಜಗಳ ಅಂದ್ರೆ ಭಯ. ಅವತ್ತು ನಾನು ಸುಳ್ಳು ಹೇಳ್ದೆ. ನೀನು ಆ ಸುಳ್ಳನ್ನೂ ನಂಬ್ಕೊಂಡು ಬೀದಿಗೆ ಇಳಿದೆ. ಅತ್ತೆ ಹೇಳಿದ್ಮೇಲೆ ಮುಗೀತು ಅಂತ. ನಿನ್ನ ಹಿಂದೆ ಬರ್ತಾ ಬರ್ತಾ ಬೇಡ ಬೇಡ ಅಂದ್ನಲ್ಲ, ಜೋರಾಗಿ ಅನ್ನಬಹುದಿತ್ತು. ಕೈ ಹಿಡಿದು ನಿಲ್ಲಿಸಬಹುದಿತ್ತು. ಮನಸ್ಸೇ ಬರ್ಲಿಲ್ಲ ಕಣೇ. ನನಗೋಸ್ಕರ ಯಾರೋ ಜಗಳಕ್ಕೆ ಹೋಗ್ತಿದ್ದಾರೆ, ಇನ್ನು ಸ್ವಲ್ಪ ದೂರ ಹೋಗ್ಲಿ ಅನ್ನಿಸ್ತು."

ನಾನು ಅಲ್ಲೇ, ಸಂಘದವರೆಲ್ಲ ಓಡಾಡುತ್ತಿದ್ದ ಜಾಗದಲ್ಲೇ, ಅತ್ತುಬಿಟ್ಟೆ. ಅತ್ತೆ ಗಾಜು ಒರೆಸುವ ಬಟ್ಟೆಯನ್ನೇ ನನ್ನ ಕೈಗೆ ಕೊಟ್ಟು, ನನ್ನ ಅಳು ಮುಗಿಯುವವರೆಗೂ ಪಕ್ಕದಲ್ಲಿ ಕೂತಿದ್ದರು.